ತಂತಿಯನ್ನು ಮಣ್ಣು ಮಾಡಿದ ಊರು

ಆ ಊರಿನಲ್ಲಿ ಸತ್ತವರನ್ನು ಒಂಟಿಯಾಗಿ ಮಣ್ಣು ಮಾಡುತ್ತಿರಲಿಲ್ಲ. ಕೊಂದದ್ದು ಯಾವುದೋ ಅದನ್ನೂ ಜೊತೆಗೆ ಹೂಳಬೇಕಿತ್ತು. ಎತ್ತು ತಿವಿದು ಸತ್ತವನ ಜೊತೆ ಎತ್ತು. ಬಾವಿಗೆ ಬಿದ್ದು ಸತ್ತವಳಿಗಾಗಿ ಬಾವಿಯನ್ನೇ ಮುಚ್ಚಿ, ಅದರ ಕಟ್ಟೆಯ ಕಲ್ಲೊಂದನ್ನು ಅವಳ ತಲೆಯ ಕಡೆ ಇಡುತ್ತಿದ್ದರು. ಜ್ವರದಲ್ಲಿ ಹೋದವರ ಜೊತೆ ಅವರು ಹೊದ್ದಿದ್ದ ಕಂಬಳಿ. ಮುಪ್ಪಿನಿಂದ ಹೋದವರ ಜೊತೆ ಮಾತ್ರ ಏನನ್ನೂ ಹೂಳುತ್ತಿರಲಿಲ್ಲ. ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿ ಮೆಲ್ಲಗೆ ಮಣ್ಣು ಎಳೆಯುತ್ತಿದ್ದರು.

ಕೊಂದದ್ದು ನೆಲದ ಮೇಲೆ ಇರುವ ತನಕ ಸತ್ತವರು ಕೊಳೆಯುತ್ತಿರಲಿಲ್ಲ. ತೆರೆದ ಗುಂಡಿಯಲ್ಲಿ, ನಿದ್ದೆ ಹೋದವರ ಹಾಗೆ, ಕಾಯುತ್ತಿದ್ದರು.

ಗುಂಡಿಯ ಬಳಿ ನಿಂತು ಕೇಳುವುದಕ್ಕೆ ಒಬ್ಬ ಮುದುಕಿ ಇದ್ದಳು. ಅವಳನ್ನು ಕೇಳುವಜ್ಜಿ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ಒಂದೇ ಪ್ರಶ್ನೆ ಕೇಳುವುದು: "ಈ ಜೀವವನ್ನು ಕೊಂದದ್ದು ಯಾವುದು?" ಯಾರಾದರೂ ಒಬ್ಬರು ಉತ್ತರ ಹೇಳಬೇಕು. ನೆರೆದ ಊರು ಅದೇ ಉತ್ತರವನ್ನು ಒಟ್ಟಾಗಿ ಇನ್ನೊಮ್ಮೆ ಹೇಳಬೇಕು. ಹಾಗೆ ಎರಡು ಬಾಯಿಂದ ಬಂದ ಉತ್ತರವನ್ನು ಹೂಳದೆ ಬಿಡುವಂತಿರಲಿಲ್ಲ. ಹಾಗಾಗಿ ಆ ಊರಿನವರು ಗುಂಡಿಯ ಬಳಿ ಬಹಳ ಎಚ್ಚರದಿಂದ ಬಾಯಿ ತೆರೆಯುತ್ತಿದ್ದರು.

ಊರು ಕರಿಬಂಡೆಯ ಮೇಲೆ ಕೂತಿತ್ತು. ಒಂದು ಮೊಳ ಮಣ್ಣು ತೆಗೆದರೆ ಕೆಳಗೆ ಕಲ್ಲು. ಮೇಲೆ ಗಾಳಿ. ವರ್ಷವಿಡೀ ಬೀಸುವ ಗಾಳಿ, ಬಾಗಿಲನ್ನು ತಟ್ಟುವ ಗಾಳಿ, ಮಾತನ್ನು ಅರ್ಧದಲ್ಲಿ ಕಿತ್ತುಕೊಂಡು ಹೋಗುವ ಗಾಳಿ. ಆ ಗಾಳಿಯಲ್ಲಿ ಕಂಬಗಳು ನಿಂತಿದ್ದವು, ಕಂಬದಿಂದ ಕಂಬಕ್ಕೆ ತಂತಿ ಹೋಗಿತ್ತು. ತಂತಿ ಗುಡ್ಡದ ಆಚೆಯಿಂದ ಬಂದು ಮೊದಲು ದಿಬ್ಬದ ಮೇಲಿನ ಯಜಮಾನನ ಮನೆಗೆ ಇಳಿಯುತ್ತಿತ್ತು. ಆ ಮನೆಯ ಜಗಲಿಯ ಪಕ್ಕದ ಕಲ್ಲುಗೂಡಿನಲ್ಲಿ ಒಂದು ಹಿಡಿ ಇತ್ತು, ಕಬ್ಬಿಣದ್ದು, ಮೊಳಕೈಯಷ್ಟು ಉದ್ದ. ಹಿಡಿ ಎತ್ತಿದರೆ ಊರಿಗೆಲ್ಲ ಬೆಳಕು. ಇಳಿಸಿದರೆ ಊರಿಗೆಲ್ಲ ಕತ್ತಲೆ. ಯಜಮಾನನನ್ನು ಬಿಟ್ಟು ಇನ್ನೊಬ್ಬರು ಅದನ್ನು ಮುಟ್ಟುತ್ತಿರಲಿಲ್ಲ. ಅವನ ಅಪ್ಪನೂ ಮುಟ್ಟಗೊಟ್ಟಿರಲಿಲ್ಲ.

ಗಾಳಿ ತಂತಿಯನ್ನು ಎಳೆದಾಡುತ್ತಿತ್ತು. ತಂತಿ ಜೋತುಬಿದ್ದರೆ, ಹರಿದರೆ, ಒಂದಕ್ಕೊಂದು ಸುತ್ತಿಕೊಂಡರೆ, ಕಂಬ ಹತ್ತುವವನು ಬರುತ್ತಿದ್ದ. ತೆಳ್ಳಗಿನ ಆಳು. ಹತ್ತುವಾಗ ಗಾಳಿಯ ಜೊತೆ ಜಗಳವಾಡುತ್ತಿದ್ದ: "ಸ್ವಲ್ಪ ತಡಿ ಮಾರಾಯ, ನಂದೂ ಕೆಲಸ ಇದೆ." ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಕಂಬದ ಕೆಳಗೆ ನಿಂತ ಅವನ ಹೆಂಡತಿಯ ಕೈಯಲ್ಲಿ ಇರುತ್ತಿತ್ತು. ಮದುವೆಯಾದಂದಿನಿಂದ ಅವಳು ಆ ಹಗ್ಗ ಹಿಡಿದವಳು. ಹಗ್ಗದ ಎಳೆತದಲ್ಲೇ ಅವನಿಗೆ ದಣಿವಾಗಿದೆಯೋ, ಸಿಟ್ಟು ಬಂದಿದೆಯೋ ಅವಳಿಗೆ ತಿಳಿಯುತ್ತಿತ್ತು.

ಯಜಮಾನನ ಒಬ್ಬಳೇ ಮಗಳ ಮದುವೆಯ ಸಂಜೆ ಗಾಳಿ ಎಂದಿಗಿಂತ ಜೋರಾಗಿತ್ತು. ಕೆಳಗೇರಿಯ ಕಡೇ ಕಂಬದ ತಂತಿ ಸಡಿಲವಾಗಿ ಒಂದು ಮನೆಯ ತಗಡಿನ ಸೂರಿಗೆ ಬಡಿಯತೊಡಗಿತು. ತಗಡಿನಿಂದ ಕಿಡಿ ಹಾರುತ್ತಿತ್ತು. ಮನೆಯವರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದು ನಿಂತಿದ್ದರು.

ಹತ್ತುವವನು ದಿಬ್ಬಕ್ಕೆ ಹೋಗಿ ಯಜಮಾನನ ಮುಂದೆ ನಿಂತ. ಹೆಂಡತಿಯೂ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದಳು.

"ಹಿಡಿ ಇಳಿಸಬೇಕು ಯಜಮಾನ್ರೆ. ನಾನು ಕೆಳಗೆ ಬಂದು ಹೇಳೋ ತನಕ ಎತ್ತಬಾರದು."

"ಈಗಲೇ ಆಗಬೇಕಾ? ಮುಹೂರ್ತ ಹತ್ತಿರ ಬಂತಲ್ಲಪ್ಪ."

"ಸೂರಿನ ಮೇಲೆ ಬಿದ್ದಿದೆ. ಮಕ್ಕಳಿರೋ ಮನೆ."

ಯಜಮಾನ ಚಪ್ಪರದ ಕಡೆ ನೋಡಿದ, ಬೀಗರ ಕಡೆ ನೋಡಿದ. ಆಮೇಲೆ ಕಲ್ಲುಗೂಡಿಗೆ ಹೋಗಿ ಹಿಡಿ ಇಳಿಸಿದ. ಚಪ್ಪರ ಕತ್ತಲಾಯಿತು. ವಾಲಗದವರು ನಿಲ್ಲಿಸಿದರು. ಹತ್ತುವವನು ಕೈ ಮುಗಿದು ದಿಬ್ಬ ಇಳಿದ.

ಅವನು ಕಂಬ ಹತ್ತಿದ. ಹೆಂಡತಿ ಹಗ್ಗ ಹಿಡಿದಳು. ಸಂಜೆಯ ಕೊನೆಯ ಬೆಳಕಿನಲ್ಲಿ ಅವನ ಪಾದ ಮಾತ್ರ ಅವಳಿಗೆ ಕಾಣುತ್ತಿತ್ತು. "ಸಿಕ್ಕಿತು," ಎಂದ ಅವನು ಮೇಲಿನಿಂದ. ಅಷ್ಟರಲ್ಲಿ ದಿಬ್ಬದ ಮೇಲೆ ಚಪ್ಪರ ಬೆಳಗಿತು. ಅವಳು ಮೊದಲು ಕಂಡದ್ದು ಆ ಬೆಳಕನ್ನು. ಸಾಲುಸಾಲಾಗಿ ಬಣ್ಣದ ದೀಪಗಳು, ಅವುಗಳ ಹಿಂದೆಯೇ ವಾಲಗದ ಸದ್ದು. ಆಮೇಲೆ ಹಗ್ಗ ಅವಳ ಕೈಯಲ್ಲಿ ಒಮ್ಮೆ ಬಿಗಿಯಾಯಿತು. ಆಮೇಲೆ ಪೂರಾ ಸಡಿಲವಾಯಿತು.

ಮರುದಿನ ಊರು ಗುಂಡಿಯ ಸುತ್ತ ಸೇರಿತು. ಹತ್ತುವವನು ಗುಂಡಿಯಲ್ಲಿ ಮಲಗಿದ್ದ. ಅವನ ಅಂಗೈ ಕಪ್ಪಾಗಿತ್ತು, ಮುಖ ಎಂದಿನಂತೆ ಇತ್ತು.

"ಈ ಜೀವವನ್ನು ಕೊಂದದ್ದು ಯಾವುದು?" ಎಂದಳು ಕೇಳುವಜ್ಜಿ.

"ತಂತಿ," ಎಂದ ಯಜಮಾನ. ಪ್ರಶ್ನೆ ಮುಗಿಯುವುದನ್ನೇ ಕಾಯುತ್ತಿದ್ದವನ ಹಾಗೆ ಎಂದ.

"ತಂತಿ," ಎಂದಿತು ಊರು.

ಹೆಂಡತಿಯ ಬಾಯಿಯ ತನಕ ಇನ್ನೊಂದು ಮಾತು ಬಂದಿತ್ತು. ಕೈ ಎನ್ನುವ ಮಾತು. ಹಿಡಿ ಎತ್ತಿದ್ದು ಕೈ, ಆ ಕೈ ಯಾರದೆಂದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರ ಮನೆಯ ದೀಪವೂ ಅದೇ ಕೈಯಿಂದ ಹತ್ತುತ್ತಿತ್ತು. ಅವಳು ಹೇಳಿದ್ದರೆ ಊರು ಅದನ್ನು ಇನ್ನೊಮ್ಮೆ ಹೇಳುತ್ತಿರಲಿಲ್ಲ. ಅವಳು ಆ ಮಾತನ್ನು ನುಂಗಿದಳು. ತಂತಿ ಎಲ್ಲಿಂದ ಬರುತ್ತದೆ ಎಂದು ಅವಳಿಗೆ ತಿಳಿದಿತ್ತು.

ಒಬ್ಬ ಬಂದು ಬಳೆಯ ಹಾಗೆ ಸುತ್ತಿದ ತಂತಿಯ ತುಂಡನ್ನು ಗುಂಡಿಗೆ ಹಾಕಹೋದ. ಹೆಂಡತಿ ಅವನ ಕೈ ತಡೆದಳು.

"ಇದಲ್ಲ."

"ಇದೇ ಅಮ್ಮ. ಅವನು ಹಿಡಿದಿದ್ದ ಜಾಗದಿಂದಲೇ ಕತ್ತರಿಸಿ ತಂದೆ."

"ಎತ್ತು ತಿವಿದಾಗ ಬರೀ ಕೊಂಬು ಹೂತಿದ್ರಾ?"

ಅವನು ಹಿಂದೆ ಸರಿದ. ಅವಳು ಯಜಮಾನನ ಕಡೆ ತಿರುಗಿದಳು. "ತಂತಿ ಅಂದವರು ನೀವು. ಊರು ಇನ್ನೊಮ್ಮೆ ಅಂದಿದೆ. ನಾನೂ ಅಂತೀನಿ, ತಂತಿ. ಪೂರ್ತಿ ತಂತಿಯನ್ನು ಹೂಳಿ."

"ಪೂರ್ತಿ ತಂತಿ ಊರು ತುಂಬ ಇದೆಯಲ್ಲಮ್ಮ."

"ಊರು ತುಂಬ ಇರೋದನ್ನ ಹೂಳಿ."

ಎಲ್ಲರೂ ಕೇಳುವಜ್ಜಿಯನ್ನು ನೋಡಿದರು. ಮುದುಕಿ ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸಿದಳು. "ನೀವು ಕತ್ತರಿಸೋ ತನಕ ಅದು ಎಲ್ಲಿಯೂ ತುಂಡಾಗಿರಲಿಲ್ಲ," ಎಂದಳು. "ಇಲ್ಲಿ ಇರೋದೂ ಅದೇ, ಅಲ್ಲಿ ಇರೋದೂ ಅದೇ. ಅವಳು ಕೇಳೋದು ಸರಿಯಾಗಿದೆ."

ಯಜಮಾನ ಮೆಲ್ಲಗೆ ನಕ್ಕ. ಸಿಟ್ಟಿನ ನಗೆಯಲ್ಲ, ದೊಡ್ಡವರು ಮಕ್ಕಳ ಹಟಕ್ಕೆ ನಗುವ ನಗೆ. "ನೋಡಮ್ಮ, ತಂತಿ ಕಂಬದ ಮೇಲೆ ಇದ್ದರೆ ಕಣ್ಣಿಗೆ ಕಾಣುತ್ತೆ. ಎಲ್ಲಿ ಹರಿಯಿತು, ಎಲ್ಲಿ ಸುಟ್ಟಿತು ಅಂತ ಮಗುವೂ ಬೆರಳು ಮಾಡಿ ತೋರಿಸುತ್ತೆ. ನೆಲದೊಳಗೆ ಕೆಟ್ಟರೆ ಎಲ್ಲಿ ಅಂತ ಹುಡುಕುತ್ತೀರಿ?"

"ಕಾಣುತ್ತಿತ್ತು," ಎಂದಳು ಅವಳು. "ನನ್ನ ಗಂಡನಿಗೂ ಚೆನ್ನಾಗಿ ಕಾಣುತ್ತಿತ್ತು."

"ಕೆಳಗೆ ಬಂಡೆ ಇದೆ. ಯಾರು ಅಗೀತಾರೆ?"

"ನಾನು."

ಬಂಡೆ ತನ್ನ ಪರವಾಗಿದೆ ಎಂದು ಯಜಮಾನ ಅಂದುಕೊಂಡ. ಆಗಲಿ ಎಂದ. ಕೇಳುವಜ್ಜಿ ಒಂದು ಕಟ್ಟಳೆ ಹಾಕಿದಳು: ಹೂಳುವ ಕೆಲಸ ನಡೆಯುವ ಹಗಲುಗಳಲ್ಲೆಲ್ಲ ಹಿಡಿ ಇಳಿದಿರಬೇಕು, ಅದರ ಪಕ್ಕದಲ್ಲಿ ನಾನೇ ಕೂತಿರುತ್ತೇನೆ. ಮರುದಿನ ಬೆಳಗ್ಗೆ ಮುದುಕಿ ಎಲೆಯಡಿಕೆ ಚೀಲ ತಂದು ಕಲ್ಲುಗೂಡಿನ ಬಾಗಿಲಲ್ಲಿ ಕೂತಳು. ಗುಂಡಿಯ ಮೇಲೆ ಒಂದು ಚಪ್ಪಡಿ ಎಳೆದು, ಮಣ್ಣು ಹಾಕದೆ ಬಿಟ್ಟರು.

ಅವಳು ಕಡೇ ಕಂಬದ ಬುಡದಿಂದ ಶುರು ಮಾಡಿದಳು. ಮಣ್ಣು ಬೇಗ ಮುಗಿಯಿತು. ಆಮೇಲೆ ಬಂಡೆ. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿದಳು. ಕಲ್ಲು ಕಾದು ಕೆಂಪಾದ ಮೇಲೆ ಕೊಡದಿಂದ ತಣ್ಣೀರು ಸುರಿದಳು. ಕಲ್ಲು ಕೂಗಿ ಬಿರಿಯಿತು. ಬಿರುಕಿಗೆ ಹಾರೆ ಹಾಕಿ ಮೀಟಿದಳು. ಬೆಂಕಿ, ನೀರು, ಹಾರೆ. ಬೆಂಕಿ, ನೀರು, ಹಾರೆ. ಸಂಜೆಯ ಹೊತ್ತಿಗೆ ಅವಳ ಮುಂದೆ ಒಂದು ಕೂಸನ್ನು ಮಲಗಿಸುವಷ್ಟು ಉದ್ದದ ಕಾಲುವೆ ಇತ್ತು.

ತಂತಿಯನ್ನು ಅವಳು ಬರಿದೇ ಹೂಳಲಿಲ್ಲ. ಮನೆಗೆ ಹೋಗಿ ಗಂಡನ ಅಂಗಿ ಪಂಚೆಗಳನ್ನು ತಂದು ಪಟ್ಟಿಪಟ್ಟಿಯಾಗಿ ಹರಿದಳು. ಕಾಯಿಸಿದ ರಾಳದಲ್ಲಿ ಅದ್ದಿ, ಹೆಣಕ್ಕೆ ಬಟ್ಟೆ ಸುತ್ತುವ ಹಾಗೆ, ತಂತಿಗೆ ಸುತ್ತಿದಳು. ಸುತ್ತಿದ್ದನ್ನು ಮಣ್ಣಿನ ಕೊಳವೆಯೊಳಗೆ ತೂರಿಸಿ ಕಾಲುವೆಯಲ್ಲಿ ಮಲಗಿಸಿದಳು. ಮೂರು ಹಿಡಿ ಮಣ್ಣು ಹಾಕಿದಳು. "ಹೋಗು," ಎಂದಳು. ಆಮೇಲೆ ಕಂಬವನ್ನು ಉರುಳಿಸಿದಳು.

ಊರು ಮೊದಲು ದೂರ ನಿಂತು ನೋಡಿತು. ಬಳಿಕ ಒಂದು ಬೆಳಗ್ಗೆ, ತಗಡಿನ ಸೂರಿನ ಮನೆಯವಳು ಹಾರೆ ಹಿಡಿದು ಬಂದಳು. ಅವಳ ಮಗುವಿನ ಕೂದಲಿಗೆ ಅಂದು ಕಿಡಿ ಬಿದ್ದಿತ್ತು. ಆಮೇಲೆ ಒಬ್ಬ ಮುದುಕ ಬಂದ. ಹಿಂದೊಂದು ಮಳೆಗಾಲದಲ್ಲಿ ಹರಿದು ಬಿದ್ದ ತಂತಿಯನ್ನು ಅವನ ಹಸು ತುಳಿದಿತ್ತು. ಹಸುವಿನ ಜೊತೆ ಆಗ ಒಂದು ತುಂಡು ತಂತಿ ಹೂತು ಎಲ್ಲರೂ ಮನೆಗೆ ಹೋಗಿದ್ದರು. ಒಂದು ಕೈ ಬತ್ತಿಹೋದವನು ಬಂದ. ಗಾಳಿಪಟ ಬಿಡಿಸಲು ಹೋದ ಮಗನನ್ನು ಕಳೆದುಕೊಂಡ ತಾಯಿ ಬಂದಳು. ಯಾರೂ ಅವಳ ಮೇಲಿನ ಮರುಕದಿಂದ ಬರಲಿಲ್ಲ. ತಮ್ಮ ತಮ್ಮ ಹಳೆಯ ಸಿಟ್ಟನ್ನು ಹೊತ್ತುಕೊಂಡು ಬಂದರು. ಕಲ್ಲು ಒಡೆಯಲು ಅದೇ ಬೇಕಾಗಿತ್ತು.

ಬೆಂಕಿ, ನೀರು, ಹಾರೆ. ಮನೆಮನೆಯಿಂದ ಹಳೆಯ ಸೀರೆಗಳು ಬಂದವು. ಹಸಿರು ಸೀರೆ, ಬಾಣಂತಿಯ ಸೀರೆ, ಸತ್ತವರ ಸೀರೆ, ಎಲ್ಲವೂ ರಾಳದಲ್ಲಿ ಅದ್ದಿ ಕಪ್ಪಾಗಿ ತಂತಿಯ ಸುತ್ತ ಸುತ್ತಿಕೊಂಡವು. ಕೆಳಗೇರಿಯ ಕಂಬಗಳು ಒಂದೊಂದಾಗಿ ಮಲಗಿದವು. ಕಂಬ ಹೋದ ಕಡೆ ಆಕಾಶ ದೊಡ್ಡದಾಯಿತು. ತಂತಿಯ ಮೇಲೆ ಕೂರುತ್ತಿದ್ದ ಹಕ್ಕಿಗಳು ಕೂರಲು ಜಾಗ ಕಾಣದೆ, ಮುಚ್ಚಿದ ಕಾಲುವೆಯ ಮೇಲೆ ಸಾಲಾಗಿ ನೆಲದಲ್ಲೇ ಕೂತವು. ಸಂಜೆ ಅಜ್ಜಿ ಎದ್ದು ಹೋದ ಮೇಲೆ ಯಜಮಾನ ಹಿಡಿ ಎತ್ತಿದಾಗ, ತಂತಿಯೇ ಕಾಣದ ಮನೆಗಳಲ್ಲಿ ದೀಪ ಹತ್ತುತ್ತಿತ್ತು. ಮಕ್ಕಳು ಕಾಲುವೆಯ ಮೇಲೆ ಕಿವಿಯಿಟ್ಟು ಕೇಳುತ್ತಿದ್ದರು. ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ ಕೇಳುತ್ತದೆ ಎನ್ನುತ್ತಿದ್ದರು.

ಅವಳು ದಿನವೂ ಕೆಲಸ ಮುಗಿಸಿ ಗುಂಡಿಯ ಬಳಿ ಹೋಗಿ ಚಪ್ಪಡಿ ಸರಿಸಿ ನೋಡುತ್ತಿದ್ದಳು. ಅವನು ಹಾಗೆಯೇ ಇದ್ದ. ಗಡ್ಡ ಕೂಡ ಬೆಳೆದಿರಲಿಲ್ಲ. "ಇವತ್ತು ನುಗ್ಗೆಮರದ ತನಕ ಬಂದೆ," ಎಂದು ಹೇಳುತ್ತಿದ್ದಳು. "ಇವತ್ತು ಹಿಟ್ಟಿನ ಗಿರಣಿ ದಾಟಿದೆ. ದಿಬ್ಬ ಕಾಣುತ್ತಿದೆ."

ದಿಬ್ಬದ ಬುಡಕ್ಕೆ ಕಾಲುವೆ ಬಂದಾಗ ಯಜಮಾನ ಕೆಳಗಿಳಿದು ಬಂದ. ಈಗ ಅವನು ನಗಲಿಲ್ಲ.

"ಬಹಳ ಒಳ್ಳೆಯ ಕೆಲಸವಾಯಿತು," ಎಂದ. "ಗಾಳಿ ಬಂದರೂ ಊರಿಗೆ ಹೆದರಿಕೆಯಿಲ್ಲ ಈಗ. ನಾನೇ ತಪ್ಪು ತಿಳಿದಿದ್ದೆ, ಒಪ್ಪುತ್ತೇನೆ. ಇನ್ನು ಇಲ್ಲಿಗೆ ಸಾಕು ಮಾಡಿ. ನನ್ನ ಮನೆಯ ಮುಂದಿನ ಒಂದೇ ಒಂದು ಕಂಬ ಇರಲಿ. ಅದರ ಬುಡಕ್ಕೆ ನಿನ್ನ ಗಂಡನ ಹೆಸರಲ್ಲಿ ಕಲ್ಲು ನಿಲ್ಲಿಸುತ್ತೇನೆ. ವರ್ಷಕ್ಕೊಮ್ಮೆ ಹೂ ಹಾಕೋಣ."

"ಅವನಿಗೆ ಕಂಬ ಸಾಕಾಗಿದೆ ಯಜಮಾನ್ರೆ. ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಕಲ್ಲು ಸಿಡಿಯುತ್ತೆ."

ಅದೇ ದಿನ ಮಧ್ಯಾಹ್ನ ಯಜಮಾನನ ಮಗಳು ಬಂದಳು. ಊರಿನದೇ ನಡುಬೀದಿಯ ಮನೆಗೆ ಸೊಸೆಯಾಗಿ ಹೋದವಳು. ಕಾಲುವೆ ಅವಳ ಗಂಡನ ಮನೆಯ ಬಾಗಿಲ ಮುಂದೆ ಹಾದು ಬರುವಾಗ ಎಷ್ಟೋ ದಿನ ಕಿಟಕಿಯಲ್ಲಿ ನಿಂತು ನೋಡಿದ್ದಳು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಒಂದು ಹಾರೆಗೆ ಕೈ ಹಾಕಿದಳು.

"ಬಿಡು," ಎಂದಳು ಹೆಂಡತಿ. "ನಿನ್ನ ಮುಖಕ್ಕೆ ಬೆಳಕು ಬಿದ್ದಾಗಲೇ ನನ್ನ ಗಂಡ ಹೋದದ್ದು. ನಿನ್ನ ಕೈ ಇಲ್ಲಿಗೆ ಬೇಡ."

ಮಗಳು ಹಾರೆ ಬಿಡಲಿಲ್ಲ. "ಬೆಳಕು ಬೇಕು ಅಂದವಳು ನಾನೇ."

ಸುತ್ತ ಅಗೆಯುತ್ತಿದ್ದವರ ಕೈ ನಿಂತಿತು.

"ಕತ್ತಲಲ್ಲಿ ತಾಳಿ ಕಟ್ಟಿಸಿಕೊಳ್ಳಲ್ಲ ಅಂತ ಅಪ್ಪನ ಹತ್ತಿರ ಹಟ ಮಾಡಿದೆ. ಬೀಗರು ನಗುತ್ತಿದ್ದರು. ಕಂಬದ ಮೇಲೆ ಒಬ್ಬರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂತ ಹೇಳಿಕೊಂಡು ಮಲಗುತ್ತೇನೆ, ನಿದ್ದೆ ಬರಲ್ಲ."

ಹೆಂಡತಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾದ ಕಲ್ಲಿನ ಕಡೆ ಬೆರಳು ಮಾಡಿದಳು. "ನೀರು ಸುರಿ."

ಆಮೇಲೆ ಇಬ್ಬರೂ ಅಕ್ಕಪಕ್ಕದಲ್ಲಿ ನಿಂತು ದಿಬ್ಬವನ್ನು ಅಗೆದರು. ಬೆಂಕಿ, ನೀರು, ಹಾರೆ. ಕಾಲುವೆ ಗೇಟು ದಾಟಿತು, ಮದುವೆಯ ಚಪ್ಪರ ಹಾಕಿದ್ದ ಅಂಗಳ ದಾಟಿತು, ಜಗಲಿಯ ಕಲ್ಲುಗಳನ್ನು ಎಬ್ಬಿಸಿತು. ಯಜಮಾನನ ಮನೆಯ ಮುಂದಿನ ಕಂಬ ಉರುಳಿದಾಗ ಹಕ್ಕಿಗಳು ಒಟ್ಟಿಗೆ ಎದ್ದು ಒಂದು ಸುತ್ತು ಹಾಕಿ ನೆಲಕ್ಕೆ ಇಳಿದವು. ಕೊನೆಗೆ ಕಲ್ಲುಗೂಡಿನೊಳಗೆ ತಂತಿ ಮುಗಿದು ಹಿಡಿ ಶುರುವಾಗುವ ಜಾಗಕ್ಕೆ ಹಾರೆ ತಾಗಿತು.

ಹೆಂಡತಿ ಹಾರೆ ಕೆಳಗಿಟ್ಟಳು. "ಅಜ್ಜಿ, ತಂತಿ ಮುಗಿಯಿತು. ಅವನು ಕೊಳೆಯಲು ಶುರುಮಾಡಿದ್ದಾನೋ ನೋಡಿ ಬನ್ನಿ."

ಒಬ್ಬ ಓಡಿಹೋಗಿ ನೋಡಿ ಬಂದ. "ಇಲ್ಲ. ಹಾಗೆಯೇ ಇದ್ದಾನೆ."

ಊರು ದಿಬ್ಬದಿಂದ ಇಳಿದು ಗುಂಡಿಯ ಬಳಿಗೆ ಹೋಯಿತು. ಯಜಮಾನನೂ ಹೋದ, ಹೋಗದಿರುವಂತಿರಲಿಲ್ಲ. ಚಪ್ಪಡಿ ಸರಿಸಿದರು. ಕೇಳುವಜ್ಜಿ ಎಂದೂ ಒಂದೇ ಸಾವಿಗೆ ಎರಡು ಸಲ ಕೇಳಿದವಳಲ್ಲ. ಅಂದು ಕೇಳಿದಳು.

"ಈ ಜೀವವನ್ನು ಕೊಂದದ್ದು ಯಾವುದು?"

ಯಜಮಾನ ನೆಲ ನೋಡುತ್ತ ನಿಂತಿದ್ದ. "ತಂತಿ ಅಂತ ಆಗಲೇ ಹೇಳಿದ್ದೇನೆ," ಎಂದ. ಈ ಸಲ ಊರು ಆ ಮಾತನ್ನು ಇನ್ನೊಮ್ಮೆ ಹೇಳಲಿಲ್ಲ. ಬಂಡೆ ಒಡೆದ ಕೈಗಳು ಸುಮ್ಮನೆ ಜೋತುಬಿದ್ದಿದ್ದವು.

"ನಾನು," ಎಂದಳು ಮಗಳು. "ಬೆಳಕು ಕೇಳಿದವಳು ನಾನು." ಅವಳು ಮುಂದೆ ಬಂದು ಗುಂಡಿಯ ಅಂಚಿನಲ್ಲಿ ಕೂತು ಕಾಲುಗಳನ್ನು ಒಳಕ್ಕೆ ಇಳಿಬಿಟ್ಟಳು.

ಹೆಂಡತಿ ಮಗಳನ್ನು ತಡೆಯಲಿಲ್ಲ. ಅವಳು ನೋಡುತ್ತಿದ್ದದ್ದು ಮಗಳನ್ನಲ್ಲ, ಅಪ್ಪನನ್ನು. ಗಾಳಿ ಬೀಸಿತು. ಗುಂಪಿನ ಒಂದು ಮೂಲೆಯಲ್ಲಿ ಯಾರೋ "ನೀನು" ಎನ್ನಲು ಶುರುಮಾಡಿದರು. ಮಗಳು ಹೇಳಿದ್ದನ್ನು ಊರು ಇನ್ನೊಮ್ಮೆ ಹೇಳಿಬಿಟ್ಟರೆ ಅದೇ ಉತ್ತರವಾಗುತ್ತಿತ್ತು. ಮಗಳು ತಿರುಗಿ ಅಪ್ಪನ ಮುಖ ನೋಡಿದಳು. ಅವನು ಎಷ್ಟು ಹೊತ್ತು ಸುಮ್ಮನಿದ್ದ ಎನ್ನುವುದನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ.

"ನನ್ನ ಕೈ," ಎಂದ ಯಜಮಾನ. "ಹಿಡಿ ಎತ್ತಿದ್ದು ನನ್ನ ಕೈ."

"ಮೇಲೆ ಆಳು ಇರೋದು ಗೊತ್ತಿತ್ತಾ?" ಎಂದಳು ಹೆಂಡತಿ.

"ಗೊತ್ತಿತ್ತು."

"ಗೊತ್ತಿದ್ದೂ ಎತ್ತಿದಿರಾ?"

"ಇಷ್ಟು ಹೊತ್ತಿಗೆ ಇಳಿದಿರುತ್ತಾನೆ ಅಂದುಕೊಂಡೆ. ಬೀಗರು ಎದ್ದು ಹೋಗ್ತೀವಿ ಅಂದರು."

"ಕೈ," ಎಂದಿತು ಊರು. ಯಾರೂ ಹೇಳಿಕೊಡದೆ, ಒಂದೇ ದನಿಯಲ್ಲಿ. ಮಗಳನ್ನು ಹಿಡಿದು ಗುಂಡಿಯಿಂದ ಮೇಲೆ ಎಳೆದುಕೊಂಡರು.

ಮನುಷ್ಯನನ್ನು ಮನುಷ್ಯ ಕೊಂದದ್ದಕ್ಕೆ ಆ ಊರಿನಲ್ಲಿ ಯಾರ ನೆನಪಿಗೂ ಸಿಗುವ ಉದಾಹರಣೆ ಇರಲಿಲ್ಲ. ಕಟ್ಟಳೆ ಮಾತ್ರ ಇತ್ತು. ಯಜಮಾನ ತಾನೇ ಗುಂಡಿಗೆ ಇಳಿದ. ಸತ್ತವನ ಪಕ್ಕದಲ್ಲಿ ಜಾಗ ಇಕ್ಕಟ್ಟಾಗಿತ್ತು. ಅವನು ಅಲ್ಲಿ ಕೂತು, ಇದು ಬೇಗ ಮುಗಿದರೆ ಸಾಕು ಎನ್ನುವ ಹಾಗೆ ಕಣ್ಣು ಮುಚ್ಚಿಕೊಂಡ.

ಅದನ್ನು ಹೆಂಡತಿ ನೋಡಿದಳು. ಬೇಗ ಮುಗಿದರೆ ಸಾಕು ಎಂದು ಅವನು ಕೇಳಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು.

"ಅಜ್ಜಿ," ಎಂದಳು, "ಊರು ಹೇಳಿದ್ದು ಕೈ ಅಂತ. ಇಡೀ ಆಳನ್ನಲ್ಲ. ಕೈಯನ್ನು ಹೂಳೋಣ."

"ಕತ್ತರಿಸಬೇಕಾ?" ಎಂದಳು ಅಜ್ಜಿ.

"ಬೇಡ. ಮೈಗೆ ಅಂಟಿಕೊಂಡೇ ಇರಲಿ. ನೆಲದೊಳಗೆ ಕೆಟ್ಟರೆ ಹೇಗೆ ಹುಡುಕುತ್ತೀರಿ ಅಂತ ಕೇಳಿದ್ದು ಅವರೇ ಅಲ್ಲವೇ. ಅವರೇ ಹುಡುಕಲಿ. ತಂತಿ ಎಲ್ಲಿ ಕೆಟ್ಟರೂ ಗುಂಡಿ ತೋಡಿ, ಇಳಿದು, ಆ ಕೈಯನ್ನೇ ಹೆಗಲ ತನಕ ಮಣ್ಣೊಳಗೆ ಇಡಲಿ. ಜೀವ ಇರುವ ತನಕ. ಆಗೆಲ್ಲ ಹಿಡಿಯ ಹತ್ತಿರ ನಾನು ಕೂತಿರುತ್ತೇನೆ."

ಕೇಳುವಜ್ಜಿ ಯೋಚಿಸಿದಳು. ಹೂಳಬೇಕು ಎಂದು ಕಟ್ಟಳೆ ಹೇಳುತ್ತಿತ್ತು, ಒಂದೇ ಸಲ ಹೂಳಬೇಕು ಎಂದು ಎಲ್ಲಿಯೂ ಹೇಳುತ್ತಿರಲಿಲ್ಲ. "ಆಗಬಹುದು," ಎಂದಳು.

ಯಜಮಾನ ಕಣ್ಣು ತೆರೆದ. ಗುಂಡಿಯಲ್ಲಿ ಕೂತಲ್ಲೇ ಅವನು ಅವಳ ಕಡೆ ಕತ್ತೆತ್ತಿ ನೋಡಿದ. "ಮಣ್ಣು ಎಳೆದುಬಿಡಮ್ಮ," ಎಂದ. ಅವನನ್ನು ಮೇಲೆತ್ತುವ ಮೊದಲು ಅವನ ಬಲಗೈಯನ್ನು ಸತ್ತವನ ಕಪ್ಪು ಅಂಗೈಯ ಮೇಲೆ ಇಡಿಸಿ ಅದರ ಮೇಲೆ ಮಣ್ಣು ಹಾಕಿದರು. ಆ ಮಣ್ಣಿನಡಿ ಸತ್ತವನ ಬೆರಳುಗಳು ಮೆತ್ತಗಾಗುವುದು ಅವನಿಗೆ ತಿಳಿಯಿತು. ಅವನು ಕೈ ಎಳೆದುಕೊಂಡು ಮೇಲೆ ಬಂದ. ಹೆಂಡತಿ ಗುಂಡಿ ಮುಚ್ಚಿದಳು. ಅವಳು ಅತ್ತದ್ದು ಆಗ, ಅದೂ ಸ್ವಲ್ಪವೇ.

ಮಳೆಗಾಲ ಬಂತು. ಗಿರಣಿಯ ಬಳಿ ಕೊಳವೆಗೆ ನೀರು ಹೊಕ್ಕು ನಡುಬೀದಿಯ ದೀಪಗಳು ಆರಿದವು. ಯಜಮಾನನನ್ನು ಕರೆತಂದರು. ಅವನು ಕೆಸರಿನಲ್ಲಿ ಗುಂಡಿ ತೋಡಿದ, ಇಳಿದ, ಕೊಳವೆ ಒಡೆದ. ರಾಳದ ಬಟ್ಟೆ ಕೊಳೆತು ತಂತಿ ಬರಿಮೈಯಾಗಿ ಕಾಣುತ್ತಿತ್ತು. ದಿಬ್ಬದ ಮೇಲೆ ಕಲ್ಲುಗೂಡಿನ ಬಾಗಿಲಲ್ಲಿ ಹೆಂಡತಿ ಕೂತಿದ್ದಳು. ಮಾತು ಮುಟ್ಟಿಸಲು ಬೀದಿಯುದ್ದಕ್ಕೂ ಜನ ನಿಂತಿದ್ದರು.

"ಹಿಡಿ ಇಳಿದಿದೆಯಾ?" ಎಂದು ಯಜಮಾನ ಗುಂಡಿಯಿಂದ ಕೇಳಿದ.

ಮಾತು ಬಾಯಿಂದ ಬಾಯಿಗೆ ದಿಬ್ಬ ಹತ್ತಿತು. ಉತ್ತರ ಇಳಿದು ಬರಲಿಲ್ಲ.

ಅವನು ಮತ್ತೆ ಕೇಳಿದ. ಮತ್ತೆ ಕೇಳಿದ. ಮಳೆ ಅವನ ತಲೆಯ ಮೇಲೆ ಬೀಳುತ್ತಿತ್ತು. ಗುಂಡಿಯಲ್ಲಿ ನೀರು ಅವನ ಮಂಡಿಯ ತನಕ ಬಂತು. ಎದ್ದು ಹೋಗುವಂತಿಲ್ಲ, ಮುಟ್ಟುವಂತಿಲ್ಲ. ಅವಳು ಕಲ್ಲುಗೂಡಿನಲ್ಲಿ ಹಿಡಿಯ ಮೇಲೆ ಕೈಯಿಟ್ಟು, ದೂರದಲ್ಲಿ ಕಾಣುವ ಆ ತಲೆಯನ್ನು ನೋಡುತ್ತ ಕೂತಿದ್ದಳು. ಹಿಡಿಯನ್ನು ಅವಳು ಬೆಳಗ್ಗೆಯೇ ಇಳಿಸಿದ್ದಳು. ಎತ್ತಬೇಕೆಂದು ಅವಳ ಕೈ ತುಡಿಯುತ್ತಿತ್ತು. ಎಷ್ಟು ಹಗುರವಾಗಿ ಏಳುತ್ತದೆ ಎಂದು ಅವಳು ಮುಟ್ಟಿ ನೋಡಿದಳು. ಆಮೇಲೆ ಎತ್ತದೆ ಕೈಯನ್ನು ಅಲ್ಲಿಯೇ ಇಟ್ಟುಕೊಂಡಳು. ಸಂಜೆಯಾಗುತ್ತಿದ್ದಂತೆ ಯಜಮಾನ ಏನನ್ನೋ ಗೊಣಗಿ, ಮುಖ ಆ ಕಡೆ ತಿರುಗಿಸಿ, ಕೈಯನ್ನು ಮಣ್ಣೊಳಗೆ ಚಾಚಿ ತಂತಿಯನ್ನು ಹಿಡಿದ.

ಏನೂ ಆಗಲಿಲ್ಲ. ಅವನು ಬಟ್ಟೆ ಸುತ್ತಿ, ಕೊಳವೆ ಮುಚ್ಚಿ, ಮೇಲೆ ಬಂದ. ನಡೆದುಕೊಂಡು ದಿಬ್ಬ ಹತ್ತಿ ಅವಳ ಮುಂದೆ ನಿಂತ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಇಳಿದಿದೆ ಅಂತ ಹೇಳಬಹುದಿತ್ತು," ಎಂದ.

"ಹೇಳಬಹುದಿತ್ತು," ಎಂದಳು.

ಅವನ ಉಳಿದ ಆಯುಷ್ಯವೆಲ್ಲ ಹಾಗೆಯೇ ಹೋಯಿತು. ನೆಲದೊಳಗಿನ ತಂತಿ ಅಪರೂಪಕ್ಕೆ ಕೆಡುತ್ತಿತ್ತು. ಆದರೆ ಕೆಡುತ್ತಿತ್ತು. ಒಳ್ಳೆಯ ದಿನಗಳಲ್ಲೂ ಅವನು ಊಟದ ನಡುವೆ ಕೈ ನಿಲ್ಲಿಸಿ, ಯಾರಾದರೂ ಕರೆಯಲು ಬರುತ್ತಿದ್ದಾರೋ ಎಂದು ಬಾಗಿಲ ಕಡೆ ಕಿವಿಗೊಡುತ್ತಿದ್ದ. ಪ್ರತಿ ಸಲವೂ ಕೇಳುತ್ತಿದ್ದ. ಪ್ರತಿ ಸಲವೂ ಅವಳು ಸುಮ್ಮನಿರುತ್ತಿದ್ದಳು. ಪ್ರತಿ ಸಲವೂ ಹಿಡಿ ಇಳಿದೇ ಇರುತ್ತಿತ್ತು. ಆದರೆ ಪ್ರತಿ ಸಲವೂ ಇಳಿದಿತ್ತು ಎನ್ನುವುದು ಮುಂದಿನ ಸಲಕ್ಕೆ ಅವನ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಳೆಯ ಗೆಳೆಯರು ಅವಳಿಗೆ ಹೇಳಿ ನೋಡಿದರು. ಕೇಳುವಜ್ಜಿ ಸಾಯುವ ಮುಂಚೆ ಒಮ್ಮೆ, "ಹೊಟ್ಟೆ ತುಂಬಲಿಲ್ಲವೇನೆ?" ಎಂದು ಕೇಳಿದಳು. "ಇನ್ನೂ ಉಣ್ಣುತ್ತಿದ್ದೇನೆ ಅಜ್ಜಿ," ಎಂದಳು ಅವಳು.

ವರ್ಷಗಳು ಕಳೆದು ಇಬ್ಬರೂ ಮುದಿಯಾದರು. ಒಂದು ಸಲ ಕೆಳಗೇರಿಯಲ್ಲಿ ದೀಪ ಆರಿತು. ಯಜಮಾನ ಗುಂಡಿಯ ತನಕ ಬಂದ. ಇಳಿಯಲು ಕಾಲು ಬರಲಿಲ್ಲ. ಹಾರೆ ಕೈಯಿಂದ ಜಾರಿ ಬಿತ್ತು. ಅವನು ಗುಂಡಿಯ ಅಂಚಿನಲ್ಲಿ ಮಣ್ಣಿನ ಮೇಲೆ ಕೂತುಬಿಟ್ಟ.

ಮಗಳು ಬಂದು ಅವನ ಪಕ್ಕದಲ್ಲಿದ್ದ ಹಾರೆ ಎತ್ತಿಕೊಂಡಳು. ಅವಳ ಕೂದಲೂ ಆಗ ಅಲ್ಲಲ್ಲಿ ಬೆಳ್ಳಗಾಗಿತ್ತು.

"ನೀನು ಬೇಡ," ಎಂದ ಅಪ್ಪ. "ಅವಳು ಹೇಳಲ್ಲ. ನಿನಗೆ ಗೊತ್ತಲ್ಲ, ಅವಳು ಹೇಳಲ್ಲ."

ಮಗಳು ಇಳಿದಳು. ಅಗೆದಳು. ಕೊಳವೆ ಒಡೆದು ಬಟ್ಟೆ ಸರಿಸಿದಳು. ತಂತಿ ಹೊಳೆಯಿತು. ಅವಳು ತಲೆಯೆತ್ತಿ, ಅಪ್ಪ ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಹಿಡಿ ಇಳಿದಿದೆಯಾ?"

ಮಾತು ದಿಬ್ಬ ಹತ್ತಿ ಹೋಗುವಷ್ಟೂ ಹೊತ್ತು ಬೇಕಾಗಲಿಲ್ಲ. ಅಂದು ಗಾಳಿ ನಿಂತಿತ್ತು. ಹೆಂಡತಿ ಕಲ್ಲುಗೂಡಿನಿಂದ ಎದ್ದು ಹೊರಗೆ ಬಂದು, ದಿಬ್ಬದ ತುದಿಯಲ್ಲಿ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು.

"ಇಳಿದಿದೆ ಮಗಳೇ. ಹೆದರಬೇಡ, ಮುಟ್ಟು."

ಮಗಳು ತಂತಿ ಹಿಡಿದು ಬಟ್ಟೆ ಸುತ್ತತೊಡಗಿದಳು. ಮೇಲೆ ಮಣ್ಣಿನ ಮೇಲೆ ಕೂತಿದ್ದ ಮುದುಕ ಆ ಮಾತನ್ನು ಕೇಳಿದ. ಇಷ್ಟು ವರ್ಷ ತಾನು ಕೇಳಿ ಕೇಳಿ ಸಿಗದೆ ಹೋದ ಮಾತು ಇದೇ, ಇಷ್ಟು ಸಣ್ಣದು, ಒಂದು ಉಸಿರಿನಲ್ಲಿ ಮುಗಿಯುವಂಥದು ಎಂದು ಅವನಿಗೆ ಆಗ ತಿಳಿಯಿತು. ಅವನು ಮಗುವಿನ ಹಾಗೆ ಬಾಯಿ ತೆರೆದು ಅತ್ತ. ದಿಬ್ಬದ ಮೇಲಿನವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಅವನು ಅಳುವುದು ನಿಲ್ಲುವ ತನಕ ಅಲ್ಲಿಯೇ ನಿಂತು ನೋಡಿದಳು.